ಹಳೇ ಬ್ರೌನಿಂಗ್ ಒದೆಯುತ್ತಿದ್ದರೆ ಮೊದಲು ಉಂಗುರ ನೋಡಿ

ನಾನು ಕೋವಿ ರಿಪೇರಿ ಮಾಡುವುದು ಅಮೆರಿಕದ ಮಿನ್ನೆಸೋಟದಲ್ಲಿ. ಹೋದ ವರ್ಷ ಬಾತುಕೋಳಿ ಸೀಸನ್ ಶುರುವಾಗುವ ಮುಂಚೆ ಒಬ್ಬರು ಅಜ್ಜನ ಕೋವಿ ತಂದರು. ಬೆಲ್ಜಿಯಂನ ಬ್ರೌನಿಂಗ್ ಆಟೋ-5, 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ). "ಭುಜ ಕಿತ್ತು ಹೋಗೋ ಹಾಗೆ ಒದೆಯುತ್ತೆ, ಮಾರಿಬಿಡ್ತೀನಿ" ಅಂದರು. ನಳಿಗೆ ಕೆಳಗಿನ ಮರದ ಹಿಡಿ ಉದ್ದಕ್ಕೂ ಸೀಳಿತ್ತು.

ಒಳಗೆ ತೋಟಾ ಇಲ್ಲ ಅಂತ ಎರಡು ಸಲ ನೋಡಿಕೊಂಡು, ಮುಂದಿನ ಮುಚ್ಚಳ ತಿರುಗಿಸಿ ನಳಿಗೆ ಹೊರಗೆ ತೆಗೆದೆ. ಕಾರಣ ಅಲ್ಲೇ ಕಾಣಿಸಿತು.

ಈ ಕೋವಿಯಲ್ಲಿ ಈಡು ಹಾರಿದಾಗ ನಳಿಗೆಯೂ, ಅದರ ಹಿಂಬದಿ ಮುಚ್ಚುವ ಬೋಲ್ಟೂ ಒಂದಕ್ಕೊಂದು ಕಚ್ಚಿಕೊಂಡೇ ಹಿಂದಕ್ಕೆ ಓಡುತ್ತವೆ. ಆಮೇಲೆ ನಳಿಗೆ ಮಾತ್ರ ಮುಂದಕ್ಕೆ ಬರುತ್ತದೆ, ಖಾಲಿ ತೋಟಾ ಹೊರಗೆ ಬೀಳುತ್ತದೆ, ಕೊನೆಗೆ ಬೋಲ್ಟ್ ಹೊಸ ತೋಟಾ ತಳ್ಳಿಕೊಂಡು ಬರುತ್ತದೆ. ಜಾನ್ ಬ್ರೌನಿಂಗ್ ಇದಕ್ಕೆ 1900ರಲ್ಲಿ ಪೇಟೆಂಟ್ ಪಡೆದರು. ರಾಯಲ್ಟಿ ವಿಷಯದಲ್ಲಿ ಅಮೆರಿಕದ ವಿಂಚೆಸ್ಟರ್ ಕಂಪನಿ ಜೊತೆ ಮುರಿದುಬಿದ್ದ ಮೇಲೆ ಅವರು ಬೆಲ್ಜಿಯಂನ ಎಫ್‌ಎನ್ ಕಂಪನಿಗೆ ಹೋದರು, ಅಲ್ಲಿ 1902ರಿಂದ ತಯಾರಿ ಶುರುವಾಯಿತು.

ಅಷ್ಟು ಭಾರದ ನಳಿಗೆ ಓಡುವಾಗ ಹಿಡಿದು ನಿಲ್ಲಿಸೋರು ಯಾರು? ನಳಿಗೆ ಕೆಳಗೆ ತೋಟಾ ತುಂಬುವ ಮ್ಯಾಗಜಿನ್ ಟ್ಯೂಬಿನ ಸುತ್ತ ಇರುವ ದೊಡ್ಡ ಸ್ಪ್ರಿಂಗ್, ಒಂದು ಕಂಚಿನ ತುಂಡು, ಒಂದು ಉಕ್ಕಿನ ಉಂಗುರ, ಇಷ್ಟೇ. ಮಾಮೂಲಿ 12 ಬೋರ್‌ನಲ್ಲಿ ಭಾರದ ತೋಟಾ ಹಾಕುವುದಾದರೆ ಉಂಗುರ ಸ್ಪ್ರಿಂಗಿನ ಮುಂದಿರಬೇಕು, ಅದರ ಇಳಿಜಾರು ಮುಖ ಕಂಚಿನ ಕಡೆ ಇರಬೇಕು. ಆಗ ಅದು ಕಂಚನ್ನು ಟ್ಯೂಬಿಗೆ ಒತ್ತಿ ಬ್ರೇಕ್ ಹಿಡಿಯುತ್ತದೆ. ಹಗುರದ ತೋಟಾಕ್ಕೆ ಅಷ್ಟು ಬ್ರೇಕ್ ಬೇಡ, ಉಂಗುರ ತೆಗೆದು ಸ್ಪ್ರಿಂಗಿನ ಹಿಂದೆ ಇಟ್ಟರೆ ಆಯಿತು.

ಇವರ ಅಜ್ಜ ಕೊನೆಕೊನೆಗೆ ಬರೀ ಕ್ಲೇ, ಅಂದರೆ ಗಾಳಿಗೆ ಹಾರಿಸುವ ಬಿಲ್ಲೆ, ಹೊಡೆಯುತ್ತಿದ್ದರಂತೆ; ಅದಕ್ಕೆ ಹಗುರದ ತೋಟಾ ಸಾಕು. ಉಂಗುರ ಹಿಂದೆಯೇ ಇತ್ತು. ಮೊಮ್ಮಗ ಅದನ್ನು ನೋಡದೆ ಬೇಟೆಯ ಭಾರೀ ತೋಟಾ ತುಂಬಿದ್ದಾರೆ, ಪ್ರತಿ ಈಡಿಗೂ ನಳಿಗೆ ಬಂದು ಗುದ್ದಿದೆ, ಮರ ಸೀಳಿದೆ. ಸ್ಪ್ರಿಂಗೂ ಸೋತಿತ್ತು; ಬಿಚ್ಚಿಟ್ಟಾಗ ಟ್ಯೂಬಿನ ತುದಿ ದಾಟಿ ಹೊರಗೆ ಚಾಚಬೇಕಾದ್ದು ಒಳಗೇ ಕೂತಿತ್ತು. ಟ್ಯೂಬಿಗೆ ಎಣ್ಣೆ ಜಾಸ್ತಿ ಸುರಿಯಬೇಡಿ, ಬ್ರೇಕ್ ಜಾರುತ್ತದೆ. ಎಣ್ಣೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸಾಕು.

ಇನ್ನೊಂದು ಮಾತು, ಇದು ಮುಖ್ಯ. ಬಾತುಕೋಳಿ ಬೇಟೆಗೆ ಇಲ್ಲಿ 1991ರಿಂದ ದೇಶದಾದ್ಯಂತ ಸೀಸದ ಚರೆ ನಿಷೇಧ. ಹಾಗಂತ ಹಳೇ ಬೆಲ್ಜಿಯಂ ನಳಿಗೆಗೆ ಉಕ್ಕಿನ ಚರೆ ಹಾಕಲೇಬೇಡಿ, ನಳಿಗೆ ಹಾಳಾಗುತ್ತದೆ. ದುಬಾರಿಯಾದರೂ ಉಕ್ಕಿಗಿಂತ ಮೆತ್ತಗಿನ ಲೋಹವಾದ ಬಿಸ್ಮತ್ ಚರೆ ತಗೊಳ್ಳಿ. ಎರಡನೇ ಮಹಾಯುದ್ಧಕ್ಕಿಂತ ಹಳೆಯ 16 ಬೋರ್ ಸಿಕ್ಕಿದರೆ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಅಳತೆ ಮಾಡಿಸದೆ ಹೊಡೆಯಬೇಡಿ, ಎಷ್ಟೋ ಕೋವಿಗಳಲ್ಲಿ ಅದು 65 ಮಿಲಿಮೀಟರ್, ಈಗಿನ ತೋಟಾ 70.

ಆ ಕೋವಿಗೆ ಹೊಸ ಸ್ಪ್ರಿಂಗ್, ಹೊಸ ಕಂಚು ಹಾಕಿ, ಸೀಳನ್ನು ಒಳಗಿನಿಂದ ಎಪಾಕ್ಸಿ ತುಂಬಿ ಬಿಗಿ ಮಾಡಿದೆ. ಉಂಗುರ ಬದಲಿಸುವುದನ್ನು ಅವರ ಕೈಯಲ್ಲೇ ಮೂರು ಸಲ ಮಾಡಿಸಿದೆ. ಆಮೇಲೆ 28 ಗ್ರಾಂ ಚರೆಯ ಹಗುರದ ತೋಟಾ ಹಿಡಿದು ಇಬ್ಬರೂ ಕ್ಲೇ ರೇಂಜಿಗೆ ಹೋದೆವು. ಎರಡು ಡಬ್ಬ ಮುಗಿದರೂ ಒಂದು ತೋಟಾವೂ ಸಿಕ್ಕಿಹಾಕಿಕೊಳ್ಳಲಿಲ್ಲ. ಮಾರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.