ಪಟರ್ ಕೊಳ್ಳುವ ಮೊದಲು ನಿಮ್ಮ ತಪ್ಪು ಯಾವುದೆಂದು ನೋಡಿ

2021ರ ಆಗಸ್ಟ್‌ನಲ್ಲಿ ಬೆಳ್ಳಂಬೆಳಗ್ಗೆ ಎದ್ದು ಟಿವಿಯಲ್ಲಿ ಗಾಲ್ಫ್ ನೋಡಿದ ಕನ್ನಡಿಗರಿಗೆ ಲೆಕ್ಕವಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ದೂರ ಹೊಡೆಯುವುದರಲ್ಲಿ ಎದುರಾಳಿಗಳು ಅವರಿಗಿಂತ ತುಂಬಾ ಮುಂದಿದ್ದರು. ಆದರೂ ಅಷ್ಟು ಎತ್ತರಕ್ಕೆ ಅವರನ್ನು ತಂದದ್ದು ಮುಖ್ಯವಾಗಿ ಪಟಿಂಗ್, ಅಂದರೆ ಗ್ರೀನ್ ಮೇಲೆ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ) ಚೆಂಡನ್ನು ಕುಳಿಯತ್ತ ಉರುಳಿಸುವ ಕೆಲಸ.

ನೋಡುವುದಕ್ಕೆ ಸುಲಭ, ಅಲ್ವಾ? ಒಂದು ಲೆಕ್ಕ ಹಾಕೋಣ. ಕುಳಿಯ ಅಗಲ 10.8 ಸೆಂಟಿಮೀಟರ್. ಚೆಂಡು ಮೂರು ಮೀಟರ್ ದೂರದಲ್ಲಿದೆ. ಅದು ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟರೂ ಕುಳಿಯ ಹತ್ತಿರ ಬರುವಾಗ ಐದು ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಅಂದರೆ ನಡುವಿನಿಂದ ಅಂಚಿಗೆ. ಚೆಂಡು ಯಾವ ಕಡೆ ಹೊರಡಬೇಕು ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಪಟಿಂಗ್‌ಗೆ ಬಳಸುವ ಕೋಲಾದ ಪಟರ್‌ನ ಮುಖ. ಚೆಂಡಿಗೆ ತಾಗುವ, ಹತ್ತು ಸೆಂಟಿಮೀಟರ್ ಉದ್ದದ ಆ ಮುಖ ಒಂದು ಡಿಗ್ರಿ ತಿರುಗಲು ಅದರ ಒಂದು ತುದಿ ಎರಡು ಮಿಲಿಮೀಟರ್‌ಗಿಂತ ಕಡಿಮೆ ಮುಂದೆ ಬಂದರೆ ಸಾಕು. ಸುಮಾರು ಒಂದು ನಾಣ್ಯದ ದಪ್ಪ, ಅಷ್ಟೆ.

ಮುಖ ಎರಡು ಕಾರಣಕ್ಕೆ ಓರೆಯಾಗುತ್ತದೆ. ಒಂದು, ನಮ್ಮ ಕೈಯೇ ಅದನ್ನು ಓರೆಯಾಗಿ ತಂದಿರುತ್ತದೆ. ಇನ್ನೊಂದು, ಚೆಂಡು ಮುಖದ ನಡುಭಾಗಕ್ಕೆ ಬಡಿಯದೆ ಒಂದು ತುದಿಗೆ ಬಡಿದು ಪಟರನ್ನೇ ತಿರುಚುತ್ತದೆ. ಹಾಗೆ ತಿರುಚಿದಾಗ ವೇಗವೂ ಸೋರಿಹೋಗಿ ಚೆಂಡು ಕುಳಿಗಿಂತ ಮೊದಲೇ ನಿಂತುಬಿಡುತ್ತದೆ. ಪಟರ್ ಆರಿಸುವವರು ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಎರಡನೆಯದಕ್ಕೆ ಮದ್ದು ಹುಡುಕಿದವರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಎಂಜಿನಿಯರ್. ಗಾಲ್ಫ್ ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ. ಪಟಿಂಗ್ ಅವರನ್ನು ತುಂಬಾ ಕಾಡಿತು. 1959ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಮನೆಯ ಗ್ಯಾರೇಜಿನಲ್ಲೇ ಒಂದು ಪಟರ್ ಮಾಡಿದರು. ಅದರ ತಲೆಯ, ಅಂದರೆ ಚೆಂಡಿಗೆ ಹೊಡೆಯುವ ಕೆಳಭಾಗದ, ನಡುವಿನ ತೂಕ ಕಡಿಮೆ ಮಾಡಿ ಎರಡೂ ತುದಿಗೆ ಹಂಚಿದರು. ಚೆಂಡಿಗೆ ತಾಗಿದಾಗ ಅದು 'ಪಿಂಗ್' ಎಂದಿತು. ಆ ಸದ್ದೇ ಕಂಪನಿಯ ಹೆಸರಾಯಿತು. 1966ರಲ್ಲಿ ಬಂದ ಅವರ 'ಆನ್ಸರ್' ಪಟರಿನ ಆಕಾರವನ್ನು ಇವತ್ತಿಗೂ ಅನೇಕ ಕಂಪನಿಗಳು ಅನುಸರಿಸುತ್ತವೆ.

ತೂಕವನ್ನು ತುದಿಗೆ ಹಂಚಿದರೆ ಏನಾಗುತ್ತದೆ? ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿಯನ್ನು ನೆನಪು ಮಾಡಿಕೊಳ್ಳಿ. ಅವಳ ಕೈಯಲ್ಲಿ ಉದ್ದನೆಯ ಬಿದಿರು ಗಳ ಇರುತ್ತದೆ. ತೂಕ ನಡುವಿನಿಂದ ದೂರ ಇದ್ದಷ್ಟೂ ಆ ಗಳವನ್ನು ತಿರುಗಿಸುವುದು ಕಷ್ಟ. ಅದಕ್ಕೇ ಅವಳು ಥಟ್ಟನೆ ವಾಲುವುದಿಲ್ಲ. ಪಟರ್ ಕೂಡ ಹಾಗೆಯೇ. ಅಗಲವಾದ, ಹಿಂದಕ್ಕೂ ಚಾಚಿದ ತಲೆಯ ಮ್ಯಾಲೆಟ್ ಪಟರ್ ತಿರುಚಿಕೊಳ್ಳುವುದು ಕಡಿಮೆ. ತೆಳುವಾದ ತಲೆಯ ಬ್ಲೇಡ್ ಪಟರ್ ಬೇಗ ತಿರುಚಿಕೊಳ್ಳುತ್ತದೆ.

ಹಾಗಂತ ದೊಡ್ಡ ಮ್ಯಾಲೆಟ್ ಕೊಂಡರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕೈಯೇ ಓರೆಯಾಗಿ ತಂದ ಮುಖವನ್ನು ಯಾವ ಭಾರವೂ ನೇರ ಮಾಡುವುದಿಲ್ಲ. ಅಲ್ಲಿ ನೋಡಬೇಕಾದ್ದು ಪಟರ್‌ನ ಸಮತೋಲ. ಶಾಫ್ಟನ್ನು, ಅಂದರೆ ಪಟರ್‌ನ ಉದ್ದನೆಯ ಕೋಲನ್ನು, ಅದರ ತಲೆಯ ಹತ್ತಿರ ತೋರುಬೆರಳಿನ ಮೇಲೆ ಅಡ್ಡಲಾಗಿ ಇಡಿ. ಕೆಲವು ಪಟರ್‌ಗಳ ಮುಖ ಆಕಾಶ ನೋಡುತ್ತದೆ. ಇನ್ನು ಕೆಲವುಗಳ ಹೊರತುದಿ ನೆಲದತ್ತ ಜೋತು ಬೀಳುತ್ತದೆ. ನಿಮ್ಮ ಕೈ ಪಟರನ್ನು ಹಿಂದೆ ಮುಂದೆ ನೆಟ್ಟಗೆ ಒಯ್ದರೆ ಮೊದಲನೆಯದು, ಬಾಗಿಲು ತೆರೆದು ಮುಚ್ಚಿದ ಹಾಗೆ ಕಮಾನಾಗಿ ಒಯ್ದರೆ ಎರಡನೆಯದು. ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ. ನನ್ನ ಪ್ರಕಾರ ಇದು ಹುಡುಕಾಟ ಶುರು ಮಾಡಲು ಒಳ್ಳೆಯ ಜಾಗ. ಕಟ್ಟುನಿಟ್ಟಿನ ನಿಯಮ ಮಾತ್ರ ಅಲ್ಲ.

ಹಣ ಕೊಡುವ ಮೊದಲು ಇದೊಂದು ಮಾಡಿ. ಪಟರ್ ಮುಖಕ್ಕೆ ತೆಳ್ಳಗೆ ಟಾಲ್ಕಮ್ ಪೌಡರ್ ಹಚ್ಚಿ, ಮೂರು ಮೀಟರ್ ದೂರದಿಂದ ಹತ್ತು ಚೆಂಡು ಉರುಳಿಸಿ. ಪ್ರತಿ ಚೆಂಡೂ ಪೌಡರ್ ಮೇಲೆ ಒಂದು ದುಂಡು ಗುರುತು ಬಿಡುತ್ತದೆ. ಗುರುತುಗಳು ಮುಖದ ತುಂಬಾ ಚೆಲ್ಲಾಪಿಲ್ಲಿ ಆಗಿದ್ದರೆ ಮ್ಯಾಲೆಟ್ ನಿಮಗೆ ನಿಜಕ್ಕೂ ನೆರವಾಗುತ್ತದೆ. ಎಲ್ಲವೂ ನಡುವೆ ಒತ್ತಾಗಿದ್ದು, ಚೆಂಡು ಮಾತ್ರ ಪ್ರತಿ ಸಲ ಒಂದೇ ಕಡೆ ಹೋಗುತ್ತಿದ್ದರೆ ಬೇರೆ ಸಮತೋಲದ ಪಟರ್ ಹಿಡಿದು, ಮುಖ ಒರೆಸಿ, ಮತ್ತೆ ಪೌಡರ್ ಹಚ್ಚಿ, ಅದೇ ಹತ್ತು ಚೆಂಡನ್ನು ಅದೇ ಜಾಗದಿಂದ ಉರುಳಿಸಿ.