ಒಂದು ಬಂಡೆಯಷ್ಟೇ ಊರು: ಗ್ಯಾರಿಬಾಲ್ಡಿ ಮೀನಿನ ನೆಲೆ

ಕ್ಯಾಲಿಫೋರ್ನಿಯಾದ ದಕ್ಷಿಣ ಕರಾವಳಿಯಲ್ಲಿ ನೀರಿಗಿಳಿದವರ ಕಣ್ಣಿಗೆ ಮೊದಲು ಬೀಳುವ ಮೀನು ಗ್ಯಾರಿಬಾಲ್ಡಿ. ಮೈಯೆಲ್ಲ ಕಡು ಕಿತ್ತಳೆ ಬಣ್ಣ, ಉದ್ದ ಒಂದಡಿಯ ಆಸುಪಾಸು. ಹವಳದ ದಿಬ್ಬಗಳಲ್ಲಿರುವ ಕ್ಲೌನ್ ಮೀನಿನ ಕುಟುಂಬಕ್ಕೇ ಇದೂ ಸೇರಿದ್ದು. ಆ ಕುಟುಂಬದ ಹೆಚ್ಚಿನವು ಬೆಚ್ಚಗಿನ ಸಮುದ್ರ ಬಿಟ್ಟು ಕದಲುವುದಿಲ್ಲ. ಇದು ಮಾತ್ರ ತಂಪು ನೀರಿನ ಹೊಸ್ತಿಲಿಗೇ ಬಂದು ನೆಲೆಸಿದೆ.

ಪುಸ್ತಕಗಳಲ್ಲಿ ಇದರ ವ್ಯಾಪ್ತಿಯನ್ನು ಉತ್ತರದ ಮಾಂಟೆರೆ ಕೊಲ್ಲಿಯಿಂದ ದಕ್ಷಿಣಕ್ಕೆ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ಎಂದು ಬರೆದಿರುತ್ತಾರೆ. ಅದು ತಪ್ಪಲ್ಲ. ಆದರೆ ಮಾಂಟೆರೆಯಲ್ಲಿ ಇದು ಸಿಗುವುದು ಅಪರೂಪ. ಇದು ಧಾರಾಳವಾಗಿ ಕಾಣಸಿಗುವುದು ಪಾಯಿಂಟ್ ಕನ್ಸೆಪ್ಷನ್ ಎಂಬ ಭೂಶಿರ ದಾಟಿದ ಮೇಲೆ. ಅಲ್ಲಿಯವರೆಗೆ ನೆಟ್ಟಗೆ ದಕ್ಷಿಣಕ್ಕೆ ಬಂದ ಕರಾವಳಿ ಆ ಭೂಶಿರದಲ್ಲಿ ಥಟ್ಟನೆ ಪೂರ್ವಕ್ಕೆ ಹೊರಳುತ್ತದೆ. ಉತ್ತರದಿಂದ ಹರಿದು ಬರುವ ತಣ್ಣನೆಯ ಕ್ಯಾಲಿಫೋರ್ನಿಯಾ ಪ್ರವಾಹ ಹಾಗೆ ಹೊರಳುವುದಿಲ್ಲ, ದಡ ಬಿಟ್ಟು ಮುಂದೆ ಸಾಗುತ್ತದೆ. ದಡದ ಮಗ್ಗುಲಿಗೆ ದಕ್ಷಿಣದ ಬೆಚ್ಚನೆಯ ನೀರು ಬರುತ್ತದೆ. ಎಷ್ಟೋ ಕಡಲಜೀವಿಗಳ ಗಡಿ ಇದೇ ಭೂಶಿರದ ಸುತ್ತಮುತ್ತ ಇರುವುದು ಸುಮ್ನೆ ಅಲ್ಲ.

ನೀರಿನ ಬಿಸುಪು ಒಪ್ಪಿದರೆ ಸಾಕಾಗುವುದಿಲ್ಲ, ಕಾಲೂರಲು ಬಂಡೆ ಬೇಕು. ಸುಮಾರು 30 ಮೀಟರ್ ಆಳದೊಳಗೆ, ಸಂದುಗೊಂದುಗಳಿರುವ ಕಲ್ಲಿನ ತಳ. ಮೇಲೆ ಕೆಲ್ಪ್ ಎಂಬ ದೈತ್ಯ ಪಾಚಿಯ ಕಾಡಿದ್ದರೆ ಇನ್ನೂ ಒಳ್ಳೆಯದು. ಹಾಗಾಗಿ ನಕ್ಷೆಯಲ್ಲಿ ಒಂದೇ ಪಟ್ಟಿಯಂತೆ ಕಾಣುವ ವ್ಯಾಪ್ತಿ, ನೀರಿನೊಳಗೆ ತುಂಡು ತುಂಡು. ನಡುವಿನ ಮರಳಿನ ಹಾಸಿನಲ್ಲಿ ಇವು ನೆಲೆಸುವುದಿಲ್ಲ. ಬೆಳೆದ ಮೀನು ಊರು ಬಿಟ್ಟು ಹೋಗುವ ಪೈಕಿಯೂ ಅಲ್ಲ. ದೂರದ ಪಯಣವೇನಿದ್ದರೂ ಮೊಟ್ಟೆಯೊಡೆದ ಹೊಸತರಲ್ಲಿ. ತೀರಾ ಚಿಕ್ಕ ಮರಿ ಆಗ ಕೆಲವು ವಾರ ಪ್ರವಾಹ ಒಯ್ದ ಕಡೆ ತೇಲುತ್ತದೆ. ಆಮೇಲೆ ಯಾವುದೋ ಬಂಡೆಯ ಸಂದಿಗೆ ಇಳಿಯುತ್ತದೆ. ಈ ಎಳೆಯ ಮೀನುಗಳ ಮೈಮೇಲೆ ಹೊಳೆಯುವ ನೀಲಿ ಚುಕ್ಕೆಗಳಿರುತ್ತವೆ, ಬೆಳೆದಂತೆ ಮಾಸಿಹೋಗುತ್ತವೆ.

ಬಂಡೆಗೆ ಇಷ್ಟು ಬೆಲೆ ಏಕೆ ಎಂದು ತಿಳಿಯಬೇಕಾದರೆ ಗಂಡು ಮೀನು ಮಾಡುವ ಕೆಲಸ ನೋಡಬೇಕು. ವಸಂತದಲ್ಲಿ ಅದು ಬಂಡೆಯ ಒಂದು ಮಗ್ಗುಲನ್ನು ಸ್ವಚ್ಛ ಮಾಡತೊಡಗುತ್ತದೆ. ಬೇಡದ ಪಾಚಿಯನ್ನೆಲ್ಲ ಬಾಯಿಂದ ಕಿತ್ತೆಸೆಯುತ್ತದೆ. ಕೆಲವೇ ಜಾತಿಯ ಕೆಂಪು ಪಾಚಿಯನ್ನು ಉಳಿಸಿಕೊಂಡು, ಅಂಗಳದ ಹುಲ್ಲು ಕತ್ತರಿಸಿದ ಹಾಗೆ ಗಿಡ್ಡವಾಗಿ ಇಟ್ಟುಕೊಳ್ಳುತ್ತದೆ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿ ತೆವಳಿ ಬಂದರೆ ಮುಳ್ಳು ಕಚ್ಚಿ ಎತ್ತಿ ಆಚೆ ಹಾಕುತ್ತದೆ. ಹೆಣ್ಣು ಬಂದು ಮೊಟ್ಟೆ ಅಂಟಿಸಿ ಹೋಗುವುದು ಈ ಕೆಂಪು ಪಾಚಿಯ ಮೇಲೆಯೇ. ಮುಂದಿನ ವರ್ಷವೂ ಅದೇ ಗಂಡು, ಅದೇ ಜಾಗ.

ಹೆಣ್ಣುಗಳ ಆಯ್ಕೆಯೂ ವಿಚಿತ್ರ. ಹೊಸ ಮೊಟ್ಟೆ ಹಳದಿ, ಬಲಿತಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹಳದಿ ಮೊಟ್ಟೆ ಇರುವ ಗೂಡೆಂದರೆ ಹೆಣ್ಣುಗಳಿಗೆ ಇಷ್ಟ, ಬರೀ ಬೂದು ಮೊಟ್ಟೆಯದು ಅಷ್ಟಕ್ಕಷ್ಟೆ. ಅದಕ್ಕೇ ಗಂಡು ಕೆಲವೊಮ್ಮೆ ಬಲಿತ ಮೊಟ್ಟೆಗಳನ್ನು ತಾನೇ ತಿಂದುಬಿಡುತ್ತದೆ! ಕ್ರೂರ ಅನ್ನಿಸುತ್ತದೆ, ಅಲ್ವಾ? ಆದರೆ ಹೊಸ ಮೊಟ್ಟೆಗಳು ಬಂದು ಸೇರಿದರೆ ಒಟ್ಟು ಲೆಕ್ಕದಲ್ಲಿ ಗಂಡಿಗೆ ಲಾಭವೇ.

ಇಂಥ ಮೀನನ್ನು ಹಿಡಿಯುವುದು ತೀರಾ ಸುಲಭ. ಕಿತ್ತಳೆ ಬಣ್ಣ ದೂರದಿಂದಲೇ ಕಾಣುತ್ತದೆ, ಗೂಡು ಕಾಯುವ ಗಂಡು ಓಡಿಹೋಗುವ ಬದಲು ಮುಳುಗುಗಾರನ ಮೇಲೇ ನುಗ್ಗುತ್ತದೆ. ಗಂಡನ್ನು ಹಿಡಿದೊಯ್ದರೆ ಅದರ ಮೊಟ್ಟೆಗಳು ಅಕ್ಕಪಕ್ಕದ ಮೀನುಗಳ ಪಾಲು. ಕ್ಯಾಲಿಫೋರ್ನಿಯಾ 1995ರಲ್ಲಿ ಇದನ್ನು ರಾಜ್ಯದ ಕಡಲ ಮೀನು ಎಂದು ಘೋಷಿಸಿತು. ಅಲ್ಲಿ ಇದನ್ನು ಹಿಡಿಯಲು ಕಾನೂನು ಬಿಡುವುದಿಲ್ಲ, ಅದು ಸರಿಯಾಗಿಯೇ ಇದೆ. ಗಡಿ ದಾಟಿ ಮೆಕ್ಸಿಕೊದ ನೀರಿಗೆ ಹೋದರೆ ಆ ಕಾನೂನು ನಡೆಯುವುದಿಲ್ಲ. ಇದರ ವ್ಯಾಪ್ತಿಯ ದೊಡ್ಡ ಪಾಲು ಇರುವುದು ಆ ಕಡೆಯೇ.