ಮೂರು ವರ್ಷದ ಮಗುವಿಗೆ ಬರೆಯೋದು ಯಾಕೆ ಕಲಿಸಲ್ಲ?

ಪ್ರಶ್ನೆ: "ಅಕ್ಕೋರೆ, ನಮ್ಮ ಹುಡುಗಗ ಮೂರು ವರ್ಷ ತುಂಬ್ಯಾವ. ಸಾಲಿಗೆ ಹಾಕಿ ಎರಡು ತಿಂಗಳಾತು, ಇನ್ನೂ ಅ ಆ ಬರೆಯಾಕ ಬರಂಗಿಲ್ಲ. ಬರೀ ಆಟ ಆಡಿಸಿ ಕಳಸ್ತೀರಿ. ಪಕ್ಕದ ಮನಿ ಹುಡುಗಿ ಎಬಿಸಿಡಿ ಪೂರ್ತಿ ಬರೀತಾಳ. ಬ್ಯಾರೆ ಸಾಲಿಗೆ ಹಾಕ್ಲೇನ್ರಿ?"
(ಗಂಗಾವತಿಯ ಒಬ್ಬ ತಾಯಿ)

ಶಾಲೆ ಜೂನ್‌ನಲ್ಲಿ ಶುರುವಾದರೆ ಈ ಪ್ರಶ್ನೆ ಆಗಸ್ಟಿನಲ್ಲಿ ಶುರುವಾಗುತ್ತದೆ. ಗೇಟಿನ ಹತ್ತಿರ ಕೇಳುತ್ತಾರೆ, ವಾಟ್ಸಾಪಿನಲ್ಲಿ ಕೇಳುತ್ತಾರೆ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಕೇಳುತ್ತಾರೆ. ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಬೇರೆ ಶಾಲೆಗೆ ಹಾಕಬೇಡಿ. ಮೂರು ವರ್ಷದ ಮಗುವಿನ ಕೈಯಲ್ಲಿ ಅಕ್ಷರ ಬರೆಸಬಾರದು.

"ಬೇಗ ಬರೆದ ಮಗು ಜಾಣ" ಅನ್ನೋ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಅಂದರೆ, ಓದಿದ ಅಪ್ಪ-ಅಮ್ಮಂದಿರೂ ಬಿಡಲ್ಲ. ಮೊದಲು ಕೈಯನ್ನೇ ನೋಡೋಣ. ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಎಲುಬೇ ಅಲ್ಲ, ಮೆತ್ತನೆಯ ಕಾರ್ಟಿಲೇಜ್. ಮೂರು ವರ್ಷದ ಮಗುವಿನ ಕೈ ಎಕ್ಸ್‌ರೇ ತೆಗೆದರೆ ಮೂರೋ ನಾಲ್ಕೋ ಕಾಣುತ್ತವೆ, ಅಷ್ಟೇ. ಉಳಿದವು ಆರೇಳು ವರ್ಷದವರೆಗೆ ಒಂದೊಂದಾಗಿ ಗಟ್ಟಿಯಾಗುತ್ತವೆ, ಕೊನೆಯದು ಇನ್ನೂ ತಡ. ಬೆರಳಿನ ಸಣ್ಣ ಸ್ನಾಯುಗಳೂ ಹಾಗೇ, ನಿಧಾನ.

ಆ ಕೈಗೆ ಏನು ಬರುತ್ತದೆ? ಮೂರಕ್ಕೆ ನೋಡಿಕೊಂಡು ಒಂದು ಸೊನ್ನೆ. ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು. ನಾಲ್ಕೂವರೆ ಸುಮಾರಿಗೆ ಚೌಕ. ತ್ರಿಕೋನಕ್ಕೆ ಐದಾಗಬೇಕು. ಈ ಲೆಕ್ಕ ನಾನು ಮಾಡಿದ್ದಲ್ಲ, ಮಕ್ಕಳ ಡಾಕ್ಟರುಗಳು ಬೆಳವಣಿಗೆ ನೋಡುವಾಗ ಬಳಸುವಂಥದ್ದು. ಈಗ ನಮ್ಮ 'ಅ' ನೋಡಿ. ಎಷ್ಟು ಸುತ್ತು, ಎಷ್ಟು ತಿರುವು! ಸೊನ್ನೆಯ ಬಾಯಿ ಮುಚ್ಚೋಕೆ ಒದ್ದಾಡುವ ಮಗುವಿಗೆ ಅದನ್ನು ನಾಲ್ಕು ಸಾಲು ತಿದ್ದು ಅನ್ನುತ್ತೀರಿ. ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗೀಚುತ್ತದೆ. ಆಮೇಲೆ ಆ ಹಿಡಿತ ಬಿಡಿಸೋದು ಒಂದನೇ ಕ್ಲಾಸಿನ ಟೀಚರ ಹಣೆಬರಹ.

ಪಕ್ಕದ ಮನೆ ಹುಡುಗಿ ಬರೀತಾಳಲ್ಲ? ಬರೀತಾಳೆ. ಯಾರೋ ಕೈ ಹಿಡಿದು ತಿದ್ದಿಸಿದ್ದಾರೆ. ಅವಳನ್ನು ಕೂರಿಸಿಕೊಂಡು "ಬಳೆ, ಬಸ್ಸು, ಇಲಿ, ಇದರಲ್ಲಿ ಬೇರೆ ಥರ ಶುರುವಾಗೋದು ಯಾವುದು?" ಅಂತ ಕೇಳಿ ನೋಡಿ. ಮುಂದೆ ಓದು ಬರಬೇಕಾದರೆ ಸದ್ದು ಗುರುತಿಸುವ ಈ ಕಿವಿ ಬೇಕು. ಅದು ಹಾಡಿನಿಂದ, ಪ್ರಾಸದಿಂದ, ಕತೆಯಿಂದ ಬರುತ್ತದೆ. ತಿದ್ದಿದರೆ ಬರಲ್ಲ.

ಇನ್ನು "ಬರೀ ಆಟ". ಮೊನ್ನೆ ಮಕ್ಕಳಿಗೆ ಜೋಳದ ಹಿಟ್ಟು ಕಲಸಿ ಕೊಟ್ಟಿದ್ದೆವು. ಒಬ್ಬ ಹೊಸೆದು ಹಾವು ಮಾಡಿದ. ಜೋಳದ ಹಿಟ್ಟಿಗೆ ಜಿಗುಟು ಕಮ್ಮಿ ಅಲ್ವಾ, ನಡುವೆ ತುಂಡಾಯಿತು. ಒತ್ತಿ ಕೂಡಿಸಿದ, ಮತ್ತೆ ತುಂಡಾಯಿತು. ಬೆರಳು ನೀರಲ್ಲಿ ಅದ್ದಿ ಸವರಿದ, ಅಂಟಿತು. "ಹಾವಿಗೆ ನೀರಡಿಕಿ ಆಗಿತ್ತು" ಅಂದ. ಇನ್ನೊಬ್ಬಳು ಮಂಡಾಳಿನೊಳಗಿನ ಶೇಂಗಾ ಒಂದೊಂದೇ ಆರಿಸಿ ತಟ್ಟೆಗೆ ಹಾಕುತ್ತಿದ್ದಳು. ಹೆಬ್ಬೆರಳು, ತೋರುಬೆರಳು. ನಾಳೆ ಪೆನ್ಸಿಲ್ ಹಿಡಿಯೋದೂ ಅವೇ ಬೆರಳು. ನಮ್ಮ ಕಡೆ ಬರವಣಿಗೆ ಪಾಠ ಅಂದರೆ ಇದು.

ನನ್ನ ಮಾತು ಬೇಡ ಅಂದರೆ, ಪೂರ್ವ ಪ್ರಾಥಮಿಕ ಮಕ್ಕಳಿಗೆ ಬರಹದ ಪರೀಕ್ಷೆಯೂ ಬೇಡ, ಬಾಯಲ್ಲಿ ಕೇಳುವ ಪರೀಕ್ಷೆಯೂ ಬೇಡ ಅಂತ ಶಾಲಾ ಪಠ್ಯ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2019ರಲ್ಲೇ ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತ ಮಾಡಿ, ಆಟದ ಮೂಲಕ ಕಲಿಸಿ ಅನ್ನುತ್ತದೆ. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕು ಅಂತ ನಮ್ಮ ಸರ್ಕಾರ 2022ರಲ್ಲಿ ಆದೇಶ ಮಾಡಿತು. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದರು. ನಿಮ್ಮ ಹುಡುಗನಿಗೆ ಇನ್ನೂ ಮೂರು ವರ್ಷ ಟೈಮಿದೆ. ಅವಸರ ಯಾರಿಗೆ?

ಅಂಗನವಾಡಿಗೆ ಕಳಿಸುವವರಿಗೂ ಇದೇ ಉತ್ತರ. ಅಲ್ಲಿ ಹಾಲು, ಮೊಟ್ಟೆ ಕೊಡೋದು, ತೂಕ ನೋಡೋದು ಕಲಿಕೆಯಿಂದ ಬೇರೆ ಅಲ್ಲ. ಹಸಿದ ಮಗು ಕತೆ ಕೇಳಲ್ಲ.

ಯಾರೂ ಕೇಳದ ಇನ್ನೊಂದು ವಿಷಯ ಹೇಳುತ್ತೇನೆ. ಶಾಲೆಗೆ ಹಾಕಿದ ಕೂಡಲೇ ಮನೆಯಲ್ಲಿ ಇಂಗ್ಲಿಷ್ ಶುರು ಮಾಡುತ್ತೀರಿ. "ಸಿಟ್ ಡೌನ್, ಈಟ್ ಫಾಸ್ಟ್, ಡೋಂಟ್ ಟಚ್." ಬರೀ ಹುಕುಂ. ಇದರಲ್ಲಿ ಮಗು ತಿರುಗಿ ಏನು ಮಾತಾಡಬೇಕು? ಗಂಗಾವತಿ, ಸಿಂಧನೂರಿನ ಕ್ಯಾಂಪುಗಳಲ್ಲಿ (ವಲಸೆ ಬಂದವರು ಕಟ್ಟಿಕೊಂಡ ಊರುಗಳು) ಮನೆಯೊಳಗೆ ತೆಲುಗು, ತಾಂಡಾದಲ್ಲಿ ಲಂಬಾಣಿ, ಸಿಂಧನೂರಿನ ಆರ್.ಎಚ್. ಕ್ಯಾಂಪಿನಲ್ಲಿ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನಲ್ಲಿ, ಬಂಗಾಳಿ. ಆ ಮಕ್ಕಳು ಓಣಿಯಲ್ಲಿ ಆಡುತ್ತಲೇ ಕನ್ನಡ ಹಿಡಿಯುತ್ತವೆ. ಅಜ್ಜಿ ತೆಲುಗಿನಲ್ಲೇ ಕತೆ ಹೇಳಲಿ ಬಿಡಿ, ಏನೂ ಕೆಡಲ್ಲ.

ಆದರೆ ಮೂರು ತುಂಬಿದರೂ ಮಗು ಯಾವ ಭಾಷೆಯಲ್ಲೂ ಎರಡು ಮೂರು ಮಾತು ಜೋಡಿಸಿ ಆಡದಿದ್ದರೆ, "ಮನೆಯಲ್ಲಿ ಎರಡು ಭಾಷೆ, ಅದಕ್ಕೇ ತಡ" ಅಂತ ಸುಮ್ನೆ ಕೂರಬೇಡಿ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೊದಲು ಕಿವಿ ಸರಿ ಕೇಳುತ್ತದೋ ಇಲ್ಲವೋ ನೋಡಿಸಿ.